ಮಾವನವರ ಜೊತೆ ಮೆಸಾ ವರ್ಡೆ ಟ್ರಿಪ್: ಡಾಕ್ಟರಿಗೆ ಪ್ರಶ್ನೆಗಳು

ವಿನುತಾ: ಡಾಕ್ಟ್ರೇ, ನಮಸ್ಕಾರ. ಜುಲೈನಲ್ಲಿ ಡೆನ್ವರ್‌ನಿಂದ ಕಾರಲ್ಲಿ ಹೊರಟು ಮೊದಲೆರಡು ರಾತ್ರಿ ಸಿಲ್ವರ್ಟನ್, ಆಮೇಲೆ ಮೆಸಾ ವರ್ಡೆ, ಚಾಕೊ ಕ್ಯಾನ್ಯನ್‌ನ ಹಳೇ ಕಲ್ಲಿನ ಮನೆಗಳು. ಊರಿಂದ ಬಂದಿರೋ ಮಾವನವರಿಗೆ 71. ಶುಗರ್‌ಗೆ ಬೆಳಿಗ್ಗೆ ಗ್ಲಿಮಿಪಿರೈಡ್, ಮೆಟ್‌ಫಾರ್ಮಿನ್, ರಾತ್ರಿ ಗ್ಲಾರ್ಜಿನ್ ಇನ್ಸುಲಿನ್, ಬಿಪಿಗೆ ಮೆಟೊಪ್ರೊಲಾಲ್. ಮೆಸಾ ವರ್ಡೆಯ ಬಂಡೆ ಸಂದಿ ಮನೆಗಳಲ್ಲಿ ಒಂದಾದ ಬಾಲ್ಕನಿ ಹೌಸ್ ಮಧ್ಯಾಹ್ನ 12ಕ್ಕೆ ಮಾಡೋಣ ಅಂತಿದ್ದೀವಿ. ಹತ್ತಿಸಬಹುದಾ?

ಡಾಕ್ಟರ್: ಎತ್ತರಕ್ಕಿಂತ ಆ ಮಾತ್ರೆಗಳ ಪಟ್ಟಿ ನೋಡಿ ಯೋಚನೆಯಾಯಿತು. ಗ್ಲಿಮಿಪಿರೈಡ್ ಮತ್ತು ಇನ್ಸುಲಿನ್ ಎರಡೂ ಶುಗರ್ ಇಳಿಸುತ್ತವೆ. ಇಳಿದಾಗ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಮೆಟೊಪ್ರೊಲಾಲ್ ಈ ಎರಡನ್ನೂ ಮುಚ್ಚಿಹಾಕುತ್ತದೆ. ಬೆವರು ಮಾತ್ರ ಉಳಿಯುತ್ತದೆ. ಜುಲೈ ಬಿಸಿಲಲ್ಲಿ ಬೆವರಿದರೆ ಯಾರಿಗೆ ಅನುಮಾನ ಬರುತ್ತೆ? ಬಾಲ್ಕನಿ ಹೌಸ್‌ನಲ್ಲಿ 32 ಅಡಿ ಏಣಿ, 18 ಇಂಚು ಅಗಲದ ಸುರಂಗದಲ್ಲಿ 12 ಅಡಿ ಮಂಡಿಯೂರಿ ತೆವಳಬೇಕು. ಏಣಿ ಮಧ್ಯೆ ತಲೆ ಸುತ್ತಿದರೆ ಹಿಡಿದುಕೊಳ್ಳೋರಿಲ್ಲ. ಅವರಿಗೆ ಅದು ಬೇಡ.

12 ಗಂಟೆ ಅಂದರೆ ಊಟದ ಹೊತ್ತೂ ತಪ್ಪುತ್ತದೆ. ವಿಸಿಟರ್ ಸೆಂಟರಿನಿಂದ ಅಲ್ಲಿಗೇ ಒಂದು ಗಂಟೆ ದಾರಿ. ಆ ಮನೆಗಳ ಒಳಗೆ ನೀರು ಬಿಟ್ಟು ಬೇರೇನೂ ತಿನ್ನುವಂತಿಲ್ಲ. ಏಣಿಯಿಲ್ಲದ ಕಡೆ ನಡೆಸುವಾಗಲೂ ಹೊರಡುವ ಮುಂಚೆ ಶುಗರ್ ನೋಡಿ. 100ಕ್ಕಿಂತ ಕಡಿಮೆಯಿದ್ದರೆ ಏನಾದರೂ ತಿನ್ನಿಸಿಯೇ ಹೊರಡಿ. ಜೇಬಲ್ಲಿ 4 ಗ್ರಾಂನ ಗ್ಲೂಕೋಸ್ ಮಾತ್ರೆ ಇರಲಿ. 70ಕ್ಕಿಂತ ಇಳಿದರೆ ನಾಲ್ಕು ಮಾತ್ರೆ, ಇಲ್ಲವೇ 120 ಮಿಲಿ ಜ್ಯೂಸ್. 15 ನಿಮಿಷ ಬಿಟ್ಟು ಮತ್ತೆ ನೋಡಿ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ನಿಧಾನ ಮಾಡುತ್ತದೆ. ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ, ಊರಿನ ಡಾಕ್ಟರನ್ನು ಈಗಲೇ ಕೇಳಿ. ಕಳೆದ ಮೂರು ತಿಂಗಳಲ್ಲಿ ಶುಗರ್ ಇಳಿದಿತ್ತಾ?

ಇನ್ನು ಸಿಲ್ವರ್ಟನ್ 9,300 ಅಡಿ. ಮೊದಲ ರಾತ್ರಿಯೇ ಅಲ್ಲಿ ಮಲಗಿಸಬೇಡಿ. ಡುರಾಂಗೊ 6,500 ಅಡಿ, ಅಲ್ಲಿ ಉಳಿದು ಸಿಲ್ವರ್ಟನ್ ಹಗಲಲ್ಲಿ ನೋಡಿ ಬನ್ನಿ.

ಮಂಜುನಾಥ: ಕರ್ಪೂರ, ಲವಂಗ, ಓಮ ಬಟ್ಟೆಯಲ್ಲಿ ಕಟ್ಟಿ ಮೂಸಿದರೆ ಆಕ್ಸಿಜನ್ ಏರುತ್ತದಂತೆ 🙏 ಫಾರ್ವರ್ಡ್ ಬಂದಿದೆ.

ಡಾಕ್ಟರ್: ಏರಲ್ಲ. ಮೂಗು ತೆರೆದಂತೆ ಅನ್ನಿಸುತ್ತದೆ, ಅಷ್ಟೆ. ಹಿಂದಿನ ಸೀಟಿನ ಮಗು ಆ ಕರ್ಪೂರ ನುಂಗಿದರೆ ಫಿಟ್ಸ್ ಬರಬಹುದು. ಕಾರಲ್ಲಿ ಇಡಲೇಬೇಡಿ.

ಶ್ರೀಧರ: ಇನ್ಸುಲಿನ್ ಕಾರಲ್ಲಿ ಹೇಗೆ ಇಡೋದು ಸರ್?

ಡಾಕ್ಟರ್: ಬಳಸುತ್ತಿರುವ ಗ್ಲಾರ್ಜಿನ್ ಪೆನ್ 30 ಡಿಗ್ರಿ ಒಳಗೆ 28 ದಿನ ಇರುತ್ತದೆ. ನಿಲ್ಲಿಸಿದ ಕಾರು 50 ದಾಟುತ್ತದೆ, ಇಳಿಯುವಾಗ ಜೊತೆಗೇ ಒಯ್ಯಿರಿ. ಐಸಿಗೆ ತಾಗಿಸಿ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಎಸೆಯಿರಿ.

ಪ್ರತಿಮಾ: ನನ್ನ ಮಗಳಿಗೆ ಘಾಟಿಯಲ್ಲಿ ವಾಂತಿ ಆಗುತ್ತೆ, ಏನು ಕೊಡಲಿ?

ರಾಘು: ವಯಸ್ಸಾದವರಿಗೆ ಈ ಬಿಸಿಲು ಯಾಕ್ರೀ? ಫಿಲಡೆಲ್ಫಿಯಾ, ವಿಲಿಯಮ್ಸ್‌ಬರ್ಗ್ ತೋರಿಸಿ. ನೆಲ ಸಮ.

ಗಿರೀಶ: ಅಲ್ಲಿರೋದು 18ನೇ ಶತಮಾನ. ಸೋಮನಾಥಪುರದ ಗುಡಿ ಏಳುವ ಹೊತ್ತಿಗೆ ಇಲ್ಲಿ ಬಂಡೆ ಸಂದಿಯಲ್ಲಿ ಕ್ಲಿಫ್ ಪ್ಯಾಲೆಸ್ ಎದ್ದಿತ್ತು. ಮೇಲಿನ ಕಟ್ಟೆಯಿಂದ ಏಣಿ ಹತ್ತದೇ ಕಾಣುತ್ತೆ.

ರಾಘು: ದೂರದಿಂದ ನೋಡೋಕೆ ಇಷ್ಟು ಡ್ರೈವ್ ಬೇಕಾ? ಹೋಗೋದಾದ್ರೆ ಮಾವನವರ ಹೆಸರಲ್ಲಿ ಸೀನಿಯರ್ ಪಾಸ್ ಮಾಡಿಸಿ, ಕಾರಿಗೆಲ್ಲ ನಡೆಯುತ್ತೆ.

ಗಿರೀಶ: ಅದು ಸಿಟಿಜನ್, ಗ್ರೀನ್ ಕಾರ್ಡ್ ಇರೋ 62 ದಾಟಿದವರಿಗೆ. ವಿಸಿಟರ್ ವೀಸಾದವರಿಗಿಲ್ಲ.

ರಾಘು: ಯಾರು ಕೇಳ್ತಾರೆ?

ಗಿರೀಶ: ಗುರುತಿನ ಚೀಟಿ ಕೇಳ್ತಾರೆ. ಗೊತ್ತಿಲ್ಲದಿದ್ರೆ ಸುಮ್ಮನಿರಿ.

ರಾಘು: ನೀವೇನು ರೇಂಜರಾ?

ಲತಾ: ಇನ್ಸುಲಿನ್ ಐಸ್ ಬಾಕ್ಸಲ್ಲಿ ಇಡಬಹುದಾ ಡಾಕ್ಟ್ರೇ?

ಡಾಕ್ಟರ್: ಮೇಲೆ ಬರೆದಿದೆ.

ಮಂಜುನಾಥ: ದಾರಿಯಲ್ಲಿ ಎದೆನೋವು ಬಂದರೆ ಜೋರಾಗಿ ಕೆಮ್ಮುತ್ತಾ ಇರಬೇಕು, ಇದೂ ಫಾರ್ವರ್ಡ್.

ಡಾಕ್ಟರ್: ಕೆಮ್ಮುತ್ತಾ ಡ್ರೈವ್ ಮಾಡಿದರೆ ಹೊತ್ತೂ ಹೋಗುತ್ತದೆ, ಜೀವವೂ ಹೋಗುತ್ತದೆ. ಕಾರು ಬದಿಗೆ ಹಾಕಿ 911. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಉತ್ತರಿಸಲ್ಲ.

ವಿನುತಾ: ಚಾಕೊ ಇಟ್ಟುಕೊಳ್ಳಬಹುದಾ?

ಗಿರೀಶ: ಕೊನೆಯ 13 ಮೈಲಿ ಮಣ್ಣು ರಸ್ತೆ, ಮಳೆ ಬಂದರೆ ಕೆಸರು. ಊಟ, ಪೆಟ್ರೋಲ್, ಫೋನ್ ಸಿಗ್ನಲ್ ಏನೂ ಇಲ್ಲ.

ಡಾಕ್ಟರ್: ಹಾಗಾದರೆ ಈ ಸಲ ಬಿಡಿ. ಶುಗರ್ ಇಳಿದಿತ್ತಾ ಅಂತ ಕೇಳಿದ್ದೆ, ಅದಕ್ಕೆ ಉತ್ತರ ಬಂದಿಲ್ಲ.

ವಿನುತಾ: ಅತ್ತೆಯವರನ್ನು ಕೇಳಿದೆ. ಕಳೆದ ತಿಂಗಳು ಎರಡು ಸಲ, ರಾತ್ರಿ ಹೊತ್ತು.

ಡಾಕ್ಟರ್: ಟ್ರಿಪ್ ಮಾತು ಆಮೇಲೆ. ಇವತ್ತೇ ಅವರ ಡಾಕ್ಟರಿಗೆ ಫೋನ್ ಮಾಡಿ, ಡೋಸ್ ಬದಲಾಗಬೇಕು.