ಸೆಸ್ನಾ 172 ಇಳಿಸುವಾಗ ಫ್ಲ್ಯಾಪ್ ಎಷ್ಟು, ಯಾವಾಗ?

ಪ್ರಶ್ನೆ: ಸೆಸ್ನಾ 172ಎಸ್‌ನಲ್ಲಿ ಹಾರಾಟ ಕಲಿಯುತ್ತಿದ್ದೇನೆ. ಪೂರ್ತಿ 30 ಡಿಗ್ರಿ ಫ್ಲ್ಯಾಪ್ (ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಬಾಗಿಸುವ ಪಟ್ಟಿ) ಹಾಕಿದರೆ ವಿಮಾನ ಕೈಗೆ ಸಿಗುವುದಿಲ್ಲ ಅನಿಸುತ್ತದೆ. ಯಾವಾಗಲೂ 20ರಲ್ಲೇ ಇಳಿಸಿದರೆ ಸಾಲದಾ? ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ 1: ಫ್ಲ್ಯಾಪ್ ಇಳಿದಾಗ 172ರ ನೋಸ್ (ಮೂತಿ) ಮೇಲೇಳುತ್ತದೆ. ಯೋಕ್ (ಕೈಯಲ್ಲಿ ಹಿಡಿಯುವ ಸ್ಟಿಯರಿಂಗ್) ಮುಂದೆ ಒತ್ತಿ ತಡೆಯದಿದ್ದರೆ ವೇಗ ಕುಸಿಯುತ್ತದೆ. ನಿಮಗೆ ಆಗುತ್ತಿರುವುದು ಇದೇ ಇರಬೇಕು. ಒಂದು ಹಂತ ಇಳಿಸಿ, ಟ್ರಿಮ್ ಮಾಡಿ (ಯೋಕ್ ಒತ್ತಿ ಹಿಡಿಯದೆಯೇ ವೇಗ ನಿಲ್ಲುವಂತೆ ಹೊಂದಿಸಿ), ವೇಗ ನಿಂತ ಮೇಲೆ ಮುಂದಿನ ಹಂತಕ್ಕೆ ಹೋಗಿ. 10 ಡಿಗ್ರಿಗೆ 110 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.), ಅದಕ್ಕಿಂತ ಜಾಸ್ತಿ ಹಾಕಲು 85 ನಾಟ್ ಮಿತಿ. ಫ್ಲ್ಯಾಪ್ ಲಿವರ್ ಮುಟ್ಟುವ ಮುಂಚೆ ವೇಗ ನೋಡಿ. ನಾನಂತೂ ತಿರುವಿನಲ್ಲಿ ಫ್ಲ್ಯಾಪ್ ಹಾಕುವುದಿಲ್ಲ. ಒಂದು ಕಡೆಯದು ಮಾತ್ರ ಇಳಿದರೆ, ರೆಕ್ಕೆ ಮಟ್ಟವಾಗಿದ್ದಾಗ ತಕ್ಷಣ ಗೊತ್ತಾಗುತ್ತದೆ.

ಉತ್ತರ 2: ಅಡ್ಡಗಾಳಿ ಜೋರಾಗಿದ್ದರೆ 20 ಅಥವಾ 10 ಒಳ್ಳೆಯದು, ರನ್‌ವೇ ಉದ್ದ ಸಾಕಿದ್ದರೆ ಮಾತ್ರ. ಕಡಿಮೆ ಫ್ಲ್ಯಾಪ್ ಅಂದರೆ ಹೆಚ್ಚು ವೇಗ, ಹೆಚ್ಚು ಓಟ. ಚಿಕ್ಕ ರನ್‌ವೇಗೆ 30 ಬೇಕೇ ಬೇಕು, ಹಾಗಾಗಿ ಅದನ್ನು ಬಿಟ್ಟು ಕಲಿಯಬೇಡಿ.

ಉತ್ತರ 3: ಇಬ್ಬರೂ ಹಾಕುವ ಬಗ್ಗೆ ಹೇಳಿದರು. ನನಗೆ ಭಯ ಇರುವುದು ತೆಗೆಯುವ ಬಗ್ಗೆ. ಗೋ-ಅರೌಂಡ್ (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು) ಮಾಡುವಾಗ ಗಾಬರಿಯಲ್ಲಿ ಲಿವರನ್ನು ಒಂದೇ ಸಲ ಮೇಲಕ್ಕೆ ತಳ್ಳಬೇಡಿ. ಪೂರ್ತಿ ತೂಕದಲ್ಲಿ, 30 ಡಿಗ್ರಿಯಲ್ಲಿ ಸುಮಾರು 40 ನಾಟ್‌ಗೆ ಸ್ಟಾಲ್ ಆಗುವ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ) ವಿಮಾನ ಫ್ಲ್ಯಾಪ್ ಇಲ್ಲದೆ 48ಕ್ಕೇ ಆಗುತ್ತದೆ. ನೆಲದ ಹತ್ತಿರ ಆ 8 ನಾಟ್ ತುಂಬಾ ದೊಡ್ಡದು.

ಮೊದಲು ಫುಲ್ ಥ್ರಾಟಲ್, ಅಂದರೆ ಎಂಜಿನ್‌ಗೆ ಪೂರ್ತಿ ಬಲ. ಇಳಿಯಲು ಹಾಕಿದ್ದ ಟ್ರಿಮ್‌ನಿಂದ ನೋಸ್ ಜೋರಾಗಿ ಏಳುತ್ತದೆ, ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕೂಡಲೇ ಫ್ಲ್ಯಾಪ್ 20ಕ್ಕೆ ತನ್ನಿ. 30ರಲ್ಲೇ ಬಿಟ್ಟರೆ ವಿಮಾನ ಮೇಲೇರುವುದೇ ಕಷ್ಟ. ಎದುರಿನ ಮರ, ಕಟ್ಟಡ ದಾಟಿದ ಮೇಲೆ 10. ಸಾಕಷ್ಟು ಎತ್ತರ, ಕೈಪಿಡಿ ಹೇಳುವ ವೇಗ ಎರಡೂ ಸಿಕ್ಕ ಮೇಲೆಯೇ ಪೂರ್ತಿ ಮೇಲಕ್ಕೆ.

ಬೆಂಗಳೂರಿನ ಜಕ್ಕೂರು ಏರ್‌ಫೀಲ್ಡ್‌ನಂಥ ಜಾಗದಲ್ಲಿ ಇದು ಇನ್ನೂ ಮುಖ್ಯ. ಅದು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಬೇಸಿಗೆ ಮಧ್ಯಾಹ್ನ ಗಾಳಿ ತೆಳುವಾಗಿ ಎಂಜಿನ್ ಬಲವೂ ಕುಗ್ಗಿರುತ್ತದೆ. ಮುಂದಿನ ಹಾರಾಟದಲ್ಲಿ ಇನ್‌ಸ್ಟ್ರಕ್ಟರ್ ಜೊತೆ ಸಾಕಷ್ಟು ಎತ್ತರಕ್ಕೆ ಹೋಗಿ, 30 ಡಿಗ್ರಿ ಹಾಕಿ, ಇದೇ ಕ್ರಮದಲ್ಲಿ ತೆಗೆದು ನೋಡಿ. ಪ್ರತಿ ಹಂತದಲ್ಲೂ ಎಷ್ಟು ಅಡಿ ಕೆಳಗಿಳಿದಿರಿ ಅಂತ ಬರೆದಿಟ್ಟುಕೊಳ್ಳಿ.