ಸಹಾಯ ಬೇಕು: ರೋಡ್‌ಕಿಂಗ್‌ಗೆ ಡಿಸ್ಕ್ ಫೋರ್ಕ್, ಸ್ಟೆಮ್ ಯಾವುದರಲ್ಲಿ ಮಾಡಿಸಲಿ?

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಹಳೇ ಯೆಜ್ಡಿ ರೋಡ್‌ಕಿಂಗ್ ಬೈಕ್ ಕಟ್ಟುತ್ತಿದ್ದೇನೆ. ಡ್ರಮ್ ಬ್ರೇಕ್ ಸಾಕಾಗಿ, ಗುಜರಿಯಿಂದ ಬೇರೆ ಗಾಡಿಯ ಡಿಸ್ಕ್ ಬ್ರೇಕ್ ಇರುವ ಮುಂದಿನ ಫೋರ್ಕ್ ತಂದೆ. ಅದರ ಸ್ಟೆಮ್ (ಫೋರ್ಕನ್ನು ಚಾಸಿಗೆ ಸೇರಿಸಿ, ಹ್ಯಾಂಡಲ್ ಜೊತೆ ತಿರುಗುವ ಕಂಬಿ) ಯೆಜ್ಡಿ ಚಾಸಿಗೆ ಗಿಡ್ಡ, ಮೇಲಿನ ನಟ್‌ಗೆ ಥ್ರೆಡ್ಡೇ ಸಿಗುವುದಿಲ್ಲ. ಯೆಜ್ಡಿ ಸ್ಟೆಮ್ ಹಾಕಿದರೆ ಕೆಳಗಿನ ಟಿಯ (ಫೋರ್ಕಿನ ಎರಡೂ ಕಾಲು ಹಿಡಿಯುವ ತುಂಡು) ತೂತಿನಲ್ಲಿ ಲೊಡಲೊಡ. ಸಂದಿ ತುಂಬಲು ಬುಷ್ ಹಾಕಿಯೂ ನೋಡಿದೆ. ಆದರೂ ಮುಂದಿನ ಬ್ರೇಕ್ ಹಿಡಿದು ಗಾಡಿ ತಳ್ಳಿದರೆ ಕೋನ್‌ಸೆಟ್ (ಸ್ಟೆಮ್ ತಿರುಗುವ ಬೇರಿಂಗ್) ಹತ್ತಿರ ಸಣ್ಣಗೆ ಅಲ್ಲಾಡುತ್ತದೆ.

ಹಾಗಾಗಿ ಲೇತ್‌ನಲ್ಲಿ ಹೊಸ ಸ್ಟೆಮ್ಮೇ ಮಾಡಿಸಬೇಕು. ಒಬ್ಬರು ಇಎನ್8 ಸ್ಟೀಲ್ ಸಾಕು ಅನ್ನುತ್ತಾರೆ, ಇನ್ನೊಬ್ಬರು ಅದಕ್ಕಿಂತ ಗಟ್ಟಿಯಾದ ಇಎನ್24 ಸ್ಟೀಲ್ ಇಲ್ಲದೆ ಕೈ ಹಾಕುವುದಿಲ್ಲ ಅನ್ನುತ್ತಾರೆ. ಟಿ ಅಲ್ಯುಮಿನಿಯಂನದ್ದು, ಸ್ಟೀಲ್ ಸ್ಟೆಮ್‌ಗೆ ವೆಲ್ಡ್ ಹಿಡಿಯುವುದಿಲ್ಲ, ತೂತಿಗೆ ಬಿಗಿಯಾಗಿ ಪ್ರೆಸ್ ಮಾಡಿಯೇ ಕೂರಿಸಬೇಕು. ಓಡುವಾಗ ಇದು ಬಿಟ್ಟುಕೊಂಡರೆ ಕಥೆ ಮುಗಿಯಿತು, ಅಲ್ವಾ?

ಇದನ್ನು ಮಾಡಿಸಿದವರು ಹೇಳಿ: ಇಎನ್8 ಸಾಕಾ, ಇಎನ್24 ಬೇಕಾ? ಟಿಯ ತೂತಿಗಿಂತ ಸ್ಟೆಮ್ ಎಷ್ಟು ಮೈಕ್ರಾನ್ ದಪ್ಪ ಇರಬೇಕು?