ಬಳ್ಳಾರಿಯಲ್ಲಿ ಕೂತು ಲಿಮಿಟೆಡ್ ಶಿರಾಜ್ ಹುಡುಕೋದು ಹೇಗೆ? ತಂದವರು, ಕುಡಿದವರು ಹೇಳಿ

ಬಳ್ಳಾರಿಯಿಂದ ಪ್ರಶ್ನೆ

ನಂದಿ ಬೆಟ್ಟದ ಕಡೆಯ ಗ್ರೋವರ್ ಜಂಪಾ ವೈನ್ ನನಗೆ ಮೊದಲಿನಿಂದಲೂ ಇಷ್ಟ. ಅವರ ಲಾ ರಿಸರ್ವ್, ಅಂದರೆ ಕ್ಯಾಬರ್ನೆ ಜೊತೆ ಶಿರಾಜ್ (ಎರಡೂ ಕೆಂಪು ವೈನಿನ ದ್ರಾಕ್ಷಿ) ಬೆರೆಸಿದ್ದು, ನಮ್ಮೂರಲ್ಲೂ ಒಮ್ಮೊಮ್ಮೆ ಸಿಗುತ್ತದೆ. ಈಚೆಗೆ ಬೆಂಗಳೂರಿನಲ್ಲಿ ಭಾವನ ಮನೆಯಲ್ಲಿ ಅದೇ ಕಂಪನಿಯ ಇನ್ಸಿಗ್ನಿಯಾ ಕುಡಿದೆ. ಪೂರ್ತಿ ಶಿರಾಜ್, ಸ್ವಲ್ಪವೇ ಬಾಟಲಿ ಮಾಡುತ್ತಾರಂತೆ. ಅವತ್ತಿನಿಂದ ತಲೆಯಲ್ಲಿ ಅದೇ ಗುಂಗು. ಇಲ್ಲಿ ಅಂಗಡಿಯಲ್ಲಿ ಕೇಳಿದರೆ ಪೋರ್ಟ್ ವೈನ್ ತೆಗೆದು ತೋರಿಸುತ್ತಾರೆ. ಇಂಥ ಬಾಟಲಿ ನಮ್ಮ ಕಡೆ ಸಿಗಬೇಕಾದರೆ ಏನು ಮಾಡಬೇಕು? ಸಿಕ್ಕರೂ ನಮ್ಮ ಬಿಸಿಲಿನಲ್ಲಿ ಇಡೋದು ಎಲ್ಲಿ? ರಾಯಚೂರು, ಕೊಪ್ಪಳದವರೂ ಹೇಳಿ.

ಸಿಂಧನೂರು

ಅಣ್ಣ, ನಮ್ಮೂರ ಅಂಗಡಿಯಲ್ಲಿ ಆಸೆ ಬಿಡಿ. ಸುಲಾ ಕಂಪನಿಯ ದಿಂಡೋರಿ ರಿಸರ್ವ್ ಶಿರಾಜ್ ತನಕ ಸಿಗಬಹುದು, ಅದೂ ಹೇಳಿಟ್ಟರೆ. ಅದಕ್ಕಿಂತ ಮೇಲಿನದು ಬೇಕಂದರೆ ಊರು ಬಿಡಬೇಕು.

ಹೊಸಪೇಟೆ, ಹೋಟೆಲ್ ಕೆಲಸ

ಹೋಟೆಲಿಗೆ ಸ್ಟಾಕ್ ತರಿಸೋದು ನನ್ನ ಕೆಲಸ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಸಾಮಾನ್ಯವಾಗಿ ಅಂಗಡಿಯವರಿಗೆ ಮಾಲು ಬರೋದು ಸರ್ಕಾರದ ಸಗಟು ಮದ್ಯ ನಿಗಮವಾದ ಕೆಎಸ್‌ಬಿಸಿಎಲ್ ಡಿಪೋದಿಂದ. ಅವರು ಇಂಡೆಂಟ್, ಅಂದರೆ ಬೇಡಿಕೆ ಪಟ್ಟಿ, ಹಾಕಬೇಕು, ಡಿಪೋದಲ್ಲಿ ಆ ಬ್ರ್ಯಾಂಡ್ ಇರಬೇಕು. ಅದಕ್ಕೂ ಮುಂಚೆ ಕಂಪನಿ ಆ ಲೇಬಲ್ಲನ್ನು ನಮ್ಮ ಅಬಕಾರಿ ಇಲಾಖೆಯಲ್ಲಿ ನೋಂದಾಯಿಸಿರಬೇಕು, ವರ್ಷ ವರ್ಷ ಅದಕ್ಕೆ ಫೀಸ್ ಕಟ್ಟಬೇಕು. ಲಕ್ಷಗಟ್ಟಲೆ ಬಾಟಲಿ ಮಾರುವ ವೈನಿಗೆ ಆ ಫೀಸ್ ಲೆಕ್ಕಕ್ಕೇ ಬರಲ್ಲ. ಕೆಲವೇ ನೂರು ಬಾಟಲಿ ಇರೋದಕ್ಕೆ ರಾಜ್ಯ ರಾಜ್ಯದಲ್ಲೂ ಫೀಸ್ ಕಟ್ಟುತ್ತಾ ಹೋದರೆ ಗಿಟ್ಟುತ್ತದಾ? ಅದಕ್ಕೇ ಇಂಥವನ್ನು ಒಂದೆರಡು ರಾಜ್ಯಕ್ಕೆ, ಅದರಲ್ಲೂ ದೊಡ್ಡ ಊರಿನ ನಾಲ್ಕಾರು ಅಂಗಡಿಗೆ, ಉಳಿದದ್ದನ್ನು ಹೋಟೆಲ್‌ಗಳಿಗೆ ಹಂಚಿ ಮುಗಿಸುತ್ತಾರೆ. ಬಳ್ಳಾರಿ ಅಂಗಡಿಯವರನ್ನು ಬೈದು ಪ್ರಯೋಜನ ಇಲ್ಲ.

ನೀವು ಮಾಡಬೇಕಾದ್ದು ಇಷ್ಟೇ. ವೈನರಿಗೆ ನೇರವಾಗಿ ಮೇಲ್ ಹಾಕಿ: ಈ ವರ್ಷದ ಬ್ಯಾಚ್ ಬಿಟ್ಟಿದ್ದೀರಾ, ಕರ್ನಾಟಕದಲ್ಲಿ ಯಾವ ಅಂಗಡಿಗೆ ಹೋಗಿದೆ, ವೈನರಿಯಲ್ಲೇ ಮಾರುತ್ತೀರಾ ಅಂತ. ಸಣ್ಣ ಬ್ಯಾಚಿನ ಬಗ್ಗೆ ಆಸೆಪಟ್ಟು ಕೇಳಿದರೆ ಅವರಿಗೂ ಖುಷಿ, ಉತ್ತರ ಬರುತ್ತದೆ. ಅಂಗಡಿಗೆ ಹೋದಾಗ ‘ಒಳ್ಳೇ ರೆಡ್ ವೈನ್ ಇದೆಯಾ’ ಅಂತ ಕೇಳಬೇಡಿ. ಹೆಸರು, ವಿಂಟೇಜ್ ವರ್ಷ (ದ್ರಾಕ್ಷಿ ಕೊಯ್ದ ವರ್ಷ), 750 ಎಂಎಲ್ ಅಂತ ಚೀಟಿಯಲ್ಲಿ ಬರೆದು ಕೊಡಿ. ಶಿರಾಜ್ ಅಂತಲೂ ಸಿರಾ ಅಂತಲೂ ಎರಡೂ ಹೇಳಿ. ಎರಡೂ ಒಂದೇ ದ್ರಾಕ್ಷಿ, ಲೇಬಲ್ ಮೇಲೆ ಯಾವುದು ಬೇಕಾದರೂ ಇರಬಹುದು.

ಇನ್ನೊಂದು ಮಾತು. ನಮ್ಮ ಅಬಕಾರಿ ವರ್ಷ ಜುಲೈ 1ಕ್ಕೆ ಶುರು, ಜೂನ್ 30ಕ್ಕೆ ಮುಗಿಯುತ್ತದೆ. ಆ ಹೊತ್ತಿನಲ್ಲಿ ಲೈಸೆನ್ಸ್, ಲೇಬಲ್ ಎಲ್ಲ ನವೀಕರಣ ಆಗಬೇಕು. ಸಣ್ಣ ಬ್ರ್ಯಾಂಡುಗಳು ಆಗ ಕಪಾಟಿನಿಂದ ಮಾಯ ಆಗೋದುಂಟು. ಜೂನ್, ಜುಲೈನಲ್ಲಿ ಅಲೆದು ಕಾಲು ನೋಯಿಸಿಕೊಳ್ಳಬೇಡಿ.

ಕುಷ್ಟಗಿ ಕಡೆ, ದ್ರಾಕ್ಷಿ ಬೆಳೆಗಾರ

ಮನೆ ಮುಂದೆ ಇರೋದನ್ನು ಬಿಟ್ಟು ನಂದಿ ಬೆಟ್ಟಕ್ಕೆ ಯಾಕ್ರೀ ಹೋಗ್ತೀರಿ? ನಮ್ಮ ಕೊಪ್ಪಳ ಜಿಲ್ಲೆಯಲ್ಲೇ ಕ್ರಿಸ್ಮಾ ಎಸ್ಟೇಟ್ಸ್ ಇದೆ. ಹಂಪಿ ಹಿಲ್ಸ್ ಅಂತ ಲೇಬಲ್ ಮೇಲೆ ಹಾಕುತ್ತಾರೆ. ಹೈದರಾಬಾದಿನ ಕೃಷ್ಣ ಪ್ರಸಾದ್, ಉಮಾ ಚಿಗುರುಪಾಟಿ ದಂಪತಿ ಮಾಡಿದ್ದು, ಇಬ್ಬರ ಹೆಸರೂ ಸೇರಿ ಕ್ರಿಸ್ಮಾ. ಏಳೂ ಖಂಡಗಳಲ್ಲಿ ಮ್ಯಾರಥಾನ್ ಓಡಿದ ಜೋಡಿ ಅದು. ಕ್ಯಾಬರ್ನೆ, ಸ್ಯಾಂಜಿಯೊವೆಸೆ ದ್ರಾಕ್ಷಿಯ ವೈನ್ ಅವರದು ಹೆಸರುವಾಸಿ, ಸಿರಾ ಕೂಡ ಮಾಡಿದ್ದಾರೆ. ಸಣ್ಣ ಎಸ್ಟೇಟ್, ತಮ್ಮ ತೋಟದ ಹಣ್ಣು. ಅವರ ಬಾಟಲಿ ಎಲ್ಲ ಒಂದು ಲೆಕ್ಕದಲ್ಲಿ ಲಿಮಿಟೆಡ್ಡೇ. ಸುಮ್ನೆ ಗೇಟಿಗೆ ಹೋಗಿ ನಿಲ್ಲಬೇಡಿ, ಮೊದಲೇ ಮಾತಾಡಿಕೊಂಡು ಹೋಗಿ.

ಬೆಳೆಗಾರನಾಗಿ ಒಂದು ವಿಷಯ ಹೇಳುತ್ತೇನೆ, ಹುಡುಕೋರಿಗೆ ಉಪಯೋಗ ಆಗಬಹುದು. ನಮ್ಮಲ್ಲಿ ಬಳ್ಳಿಗೆ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಕಡ್ಡಿ ಕತ್ತರಿಸೋದು. ಏಪ್ರಿಲ್ ಹೊತ್ತಿಗೆ ಒಂದು, ಅದು ಬರೀ ಕಡ್ಡಿ ಬೆಳೆಸೋಕೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಇನ್ನೊಂದು, ಅದು ಹಣ್ಣಿಗೆ. ವೈನ್ ದ್ರಾಕ್ಷಿ ಕೊಯ್ಲು ಫೆಬ್ರವರಿ, ಮಾರ್ಚ್ ಕಡೆ. ಯೂರೋಪಿನಲ್ಲಿ ಕೊಯ್ಲು ಸೆಪ್ಟೆಂಬರ್ ಆಸುಪಾಸು. ಅಂದರೆ ಅದೇ ವಿಂಟೇಜ್ ವರ್ಷ ಹಾಕಿದ್ದರೂ ನಮ್ಮ ವೈನ್ ಅರ್ಧ ವರ್ಷ ದೊಡ್ಡದು. ಆಮೇಲೆ ಓಕ್ ಪೀಪಾಯಿಯಲ್ಲಿ ಒಂದು ವರ್ಷ, ಬಾಟಲಿಯಲ್ಲಿ ಇನ್ನಷ್ಟು ದಿನ ಅಂತ ಲೆಕ್ಕ ಹಾಕಿ. ಹೊಸ ಬ್ಯಾಚ್ ಯಾವಾಗ ಬರಬಹುದು ಅಂತ ನೀವೇ ಅಂದಾಜು ಮಾಡಬಹುದು. ಪೀಪಾಯಿ ಒಂದಕ್ಕೆ 225 ಲೀಟರ್, ಅಂದರೆ 300 ಬಾಟಲಿ. ಮೂರು ನಾಲ್ಕು ಪೀಪಾಯಿ ಮಾತ್ರ ಆರಿಸಿ ಬೇರೆ ಮಾಡಿದರೆ ದೇಶಕ್ಕೆಲ್ಲ ಸಾವಿರ ಬಾಟಲಿ ಅಷ್ಟೇ.

ಆದರೆ ಲಿಮಿಟೆಡ್, ರಿಸರ್ವ್ ಅನ್ನೋ ಪದ ನೋಡಿ ಮರುಳಾಗಬೇಡಿ. ಸ್ಪೇನ್ ದೇಶದಲ್ಲಿ ರಿಸರ್ವಾ ಅಂತ ಹಾಕಬೇಕಾದರೆ ಕೆಂಪು ವೈನಿಗೆ 3 ವರ್ಷ ಆಗಿರಬೇಕು ಅಂತ ಕಾನೂನಿದೆ. ಹೆಚ್ಚಿನ ಕಡೆ ಅಂಥ ಕಟ್ಟಳೆ ಇಲ್ಲ. ಬಾಟಲಿ ನಂಬರ್ ಹಾಕಿದ್ದಾರಾ, ಯಾವ ತೋಟದ ಹಣ್ಣು ಅಂತ ಬರೆದಿದ್ದಾರಾ ನೋಡಿ. ಎರಡೂ ಇಲ್ಲ ಅಂದರೆ ನಾನಂತೂ ಜಾಸ್ತಿ ದುಡ್ಡು ಕೊಡಲ್ಲ.

ರಾಯಚೂರು

ಎಲ್ಲರೂ ಸಿಗೋದರ ಬಗ್ಗೆ ಹೇಳಿದರು. ನಮ್ಮ ಕಡೆ ಅಸಲಿ ಕಷ್ಟ ಅದಲ್ಲ, ಬಿಸಿಲು. ಮೇ ತಿಂಗಳಲ್ಲಿ ರಾಯಚೂರಲ್ಲಿ 42 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸಲ್ಲ. ವೈನ್ ಇಡೋಕೆ 12ರಿಂದ 15 ಡಿಗ್ರಿ ಬೇಕು. ಹಾಗಾಗಿ ಅಂಗಡಿಯಲ್ಲಿ ಬಾಟಲಿ ಕಂಡರೆ ನಾನು ಮೊದಲು ರೇಟ್ ಕೇಳಲ್ಲ. ಇದು ಎಲ್ಲಿತ್ತು, ಎಷ್ಟು ದಿನದಿಂದ ಇತ್ತು ಅಂತ ಕೇಳುತ್ತೇನೆ.

ನಮ್ಮ ಕಡೆ ದುಬಾರಿ ಬಾಟಲಿಯನ್ನು ಎಲ್ಲಿಡುತ್ತಾರೆ ಗೊತ್ತಲ್ವಾ? ಶೋಕೇಸಿನ ಮೇಲಿನ ಸಾಲಿನಲ್ಲಿ, ಟ್ಯೂಬ್‌ಲೈಟ್ ಕೆಳಗೆ, ನಿಲ್ಲಿಸಿ. ಪಡುವಣಕ್ಕೆ ಬಾಗಿಲಿರುವ ಅಂಗಡಿಯಾದರೆ ಮೂರು ಗಂಟೆ ಮೇಲೆ ನೇರ ಬಿಸಿಲು ಬೇರೆ. ಗೆಳೆಯರೊಬ್ಬರು ಅಂಥ ಕಡೆಯಿಂದ ಒಂದು ಹಳೇ ಶಿರಾಜ್ ತಂದಿದ್ದರು. ತೆಗೆಯೋ ಮುಂಚೆಯೇ ಬಿಸಿಗೆ ಕೆಟ್ಟಿದೆ ಅಂತ ಗೊತ್ತಾಯಿತು. ಮೇಲಿನ ಫಾಯಿಲ್ ಒಂದು ಕಡೆ ಉಬ್ಬಿತ್ತು. ಬೆರಳಿಟ್ಟರೆ ಅಂಟು. ಫಾಯಿಲ್ ಸುಲಿದರೆ ಬಿರಡೆ ಬಾಟಲಿ ಬಾಯಿಗಿಂತ ಒಂದು ಕೂದಲೆಳೆ ಮೇಲೆ ಬಂದಿತ್ತು, ಅದರ ಪಕ್ಕದಲ್ಲಿ ವೈನ್ ಇಳಿದು ಒಣಗಿದ ಕೆಂಪು ಗೆರೆ. ಲೋಟಕ್ಕೆ ಹಾಕಿದರೆ ಅಂಚೆಲ್ಲ ಇಟ್ಟಿಗೆ ಬಣ್ಣ. ವಾಸನೆ ಬೆಲ್ಲದ ಪಾಕದಲ್ಲಿ ಒಣದ್ರಾಕ್ಷಿ ಕುದಿಸಿದ ಹಾಗೆ. ವಿಷ ಏನಲ್ಲ, ಕುಡಿಯಬಹುದು. ಆದರೆ ಆ ಬೆಲೆ ಕೊಟ್ಟು ಅದನ್ನು ಯಾಕೆ ಕುಡಿಯಬೇಕು?

ಅದಕ್ಕೇ ಕೊಳ್ಳೋ ಮುಂಚೆ ಬಾಟಲಿಯನ್ನು ಬೆಳಕಿಗೆ ಹಿಡಿಯಿರಿ. ಕುತ್ತಿಗೆಯಲ್ಲಿ ವೈನ್ ಮಟ್ಟ ಎಷ್ಟಿದೆ ನೋಡಿ. ಪಕ್ಕದ ಬಾಟಲಿಗಿಂತ ಕೆಳಗಿದ್ದರೆ ಬೇಡ. ಹಿಂದಿನ ಲೇಬಲ್ಲಿನಲ್ಲಿ ಬ್ಯಾಚ್, ಬಾಟಲಿ ತುಂಬಿದ ತಾರೀಕು ಇರುತ್ತದೆ, ಅದನ್ನೂ ಓದಿ. ಸರ್ಕಾರದ ಎಂಎಸ್‌ಐಎಲ್ ಅಂಗಡಿಯಲ್ಲಿ ಎಂಆರ್‌ಪಿಗೇ ಕೊಡುತ್ತಾರೆ, ಅದು ಅನುಕೂಲ. ಆದರೆ ಅಲ್ಲೂ ಶೋಕೇಸಿನದ್ದು ಬೇಡ, ಒಳಗಿನ ಪೆಟ್ಟಿಗೆಯಿಂದ ತೆಗೆದುಕೊಡಿ ಅನ್ನಿ.

ಮನೆಯಲ್ಲಿ ಇಡೋಕೆ ವೈನ್ ಕೂಲರ್ ಇದ್ದರೆ ಚಿಂತೆ ಇಲ್ಲ. ಇಲ್ಲದಿದ್ದರೆ ಫ್ರಿಜ್ಜಿನ ಕೆಳಗಿನ ತರಕಾರಿ ಡ್ರಾಯರ್. ಪೇಪರಿನಲ್ಲಿ ಸುತ್ತಿ ಮಲಗಿಸಿ ಇಡಿ, ಕೆಲವು ತಿಂಗಳಿಗೆ ಏನೂ ಆಗಲ್ಲ. ಬಾಗಿಲಿನ ಸ್ಟ್ಯಾಂಡಿನಲ್ಲಿ ಬೇಡ, ದಿನವಿಡೀ ಅಲುಗಾಡುತ್ತದೆ. ಹಳೇ ಮಾಳಿಗೆ ಮನೆ ಇದ್ದವರು ಒಳಕೋಣೆ ತಂಪು ಅನ್ನುತ್ತಾರೆ. ಡಿಸೆಂಬರಿಗೆ ಸರಿ, ಮಾರ್ಚ್ ದಾಟಿದರೆ ಅದೂ ನಂಬಿಕೆಗೆ ಅರ್ಹವಲ್ಲ. ಬಿರಡೆ ಬದಲು ತಿರುಪಿನ ಮುಚ್ಚಳ ಇದ್ದರೆ ಅಗ್ಗದ್ದು ಅಂತ ಮೂಗು ಮುರಿಯಬೇಡಿ. ನಮ್ಮ ಹವೆಗೆ ಅದೇ ವಾಸಿ, ಒಣಗೋ ಭಯ ಇಲ್ಲ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ ಆಯಿತು. ಹಾಗಾದರೆ ದೊಡ್ಡಬಳ್ಳಾಪುರದ ಗ್ರೋವರ್ ವೈನರಿಗೇ ಹೋಗಿ ಟೇಸ್ಟಿಂಗ್ ಮಾಡಿ, ಇಷ್ಟ ಆದದ್ದನ್ನು ತರೋದು ಒಳ್ಳೇದು ಅನ್ನಿಸುತ್ತಿದೆ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬಂದರೆ ರಾತ್ರಿ ಪ್ರಯಾಣ, ಬಿಸಿಲೂ ಇಲ್ಲ. ಅಲ್ವಾ?

ಬಳ್ಳಾರಿ, ಟ್ರಾನ್ಸ್‌ಪೋರ್ಟ್

ತಮ್ಮಾ, ಒಂದು ನಿಮಿಷ. ಆ ರೈಲು ಬರೋದು ಹಿಂದೂಪುರ, ಅನಂತಪುರ, ಗುಂತಕಲ್ ಮೇಲೆ. ಪೂರ್ತಿ ಆಂಧ್ರ. ಕರ್ನಾಟಕದ ಮದ್ಯ ಅಲ್ಲಿ ಸಿಕ್ಕಿದರೆ ಕೇಸು ಆಗಬಹುದು. ಬಾಟಲಿ ಬರೀ ದಾಟಿ ಹೋಗುತ್ತಿದೆ ಅಂತ ಯಾರಿಗೆ ಹೇಳ್ತಾ ಕೂರ್ತೀಯ? ಕಾರಿನಲ್ಲಿ ಹಿರಿಯೂರು, ಚಳ್ಳಕೆರೆ ಮೇಲೆ ಬಂದರೂ ಬಳ್ಳಾರಿ ಮುಟ್ಟೋ ಮುಂಚೆ ಡಿ. ಹಿರೇಹಾಳ ಕಡೆ ಆಂಧ್ರದ ತುಣುಕು ಅಡ್ಡ ಬರುತ್ತದೆ. ಚಿತ್ರದುರ್ಗ, ಕೂಡ್ಲಿಗಿ, ಹೊಸಪೇಟೆ ದಾರಿ ಹಿಡಿ. ಸುತ್ತು ಆಗುತ್ತದೆ, ಆದರೆ ಮನೆ ತನಕ ಕರ್ನಾಟಕವೇ. ಬಿಲ್ ಇಟ್ಟುಕೋ. ಮನೆಯಲ್ಲಿ ಎಷ್ಟು ಲೀಟರ್ ಇಟ್ಟುಕೊಳ್ಳಬಹುದು ಅನ್ನೋದಕ್ಕೂ ಮಿತಿ ಇದೆ, ಅಬಕಾರಿ ಕಚೇರಿಯಲ್ಲಿ ಒಮ್ಮೆ ಕೇಳಿಕೋ.

ಬಾಟಲಿ ಡಿಕ್ಕಿಯಲ್ಲಿ ಹಾಕಬೇಡ. ಊಟಕ್ಕೆ ನಿಲ್ಲಿಸಿದ ಅರ್ಧ ಗಂಟೆಗೇ ಒಳಗೆಲ್ಲ ಒಲೆ ಆಗಿರುತ್ತದೆ. ಎಸಿ ಇರುವ ಕಡೆ, ಸೀಟಿನ ಕೆಳಗೆ, ಥರ್ಮಾಕೋಲ್ ಡಬ್ಬಿಯಲ್ಲಿ. ಮಾವಿನಹಣ್ಣಿನವರ ಹತ್ತಿರ ಕೇಳಿದರೆ ಡಬ್ಬಿ ಕೊಡುತ್ತಾರೆ. ಕುಡಿದದ್ದು ವೈನರಿಯಲ್ಲಿ ಅಂದರೆ ಓಡಿಸೋದು ಬೇರೆಯವರು, ಅದನ್ನು ಹೇಳಬೇಕಾಗಿಲ್ಲ.

ಗಂಗಾವತಿ

ಟೇಸ್ಟಿಂಗ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಶಿರಾಜ್ ಅಂದರೆ ಕರಿಮೆಣಸಿನ ಘಮ ಅಂತ ಎಲ್ಲರೂ ಹೊಗಳುತ್ತಾರೆ. ಆ ಘಮಕ್ಕೆ ಕಾರಣ ರೊಟಂಡೋನ್ ಅನ್ನೋ ವಸ್ತು. ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಅದನ್ನು ಗುರುತಿಸಿದರು. ಕರಿಮೆಣಸಿನಲ್ಲಿ ಇರೋದೂ ಅದೇ. ಮಜಾ ಏನೆಂದರೆ, ಐವರಲ್ಲಿ ಒಬ್ಬರಿಗೆ ಅದರ ವಾಸನೆಯೇ ಬರಲ್ಲ. ನಮ್ಮ ಗುಂಪಿನಲ್ಲಿ ಒಬ್ಬ ಗೆಳೆಯ ‘ಎಲ್ಲಿದೆಯಪ್ಪಾ ಮೆಣಸು’ ಅಂತ ಪ್ರತಿ ಸಲ ಜಗಳ ಆಡುತ್ತಾನೆ. ಪಾಪ, ಅವನ ತಪ್ಪಲ್ಲ. ಇನ್ನೊಂದು, ತಂಪು ಜಾಗದ ಹಣ್ಣಿನಲ್ಲಿ ಅದು ಜಾಸ್ತಿ, ಬಿಸಿ ಜಾಗದಲ್ಲಿ ಕಡಿಮೆ. ಹಾಗಾಗಿ ಫ್ರಾನ್ಸಿನ ರೋನ್ ಕಣಿವೆಯ ಸಿರಾ ಓದಿಕೊಂಡು ನಮ್ಮ ಕಡೆಯದರಲ್ಲಿ ಅದನ್ನೇ ಹುಡುಕಬೇಡಿ. ನಮ್ಮದರಲ್ಲಿ ನೇರಳೆ, ಹಣ್ಣಾದ ದ್ರಾಕ್ಷಿ, ಓಕ್‌ನಿಂದ ಬಂದ ಲವಂಗ, ಸ್ವಲ್ಪ ಹೊಗೆ. ಅದೇ ಅದರ ಗುಣ.

ರೂಮ್ ಟೆಂಪರೇಚರಿನಲ್ಲಿ ಕುಡಿಯಿರಿ ಅಂತ ಬರೆದಿರುತ್ತಾರಲ್ಲ, ಅದು ಅವರ ರೂಮು. ಅಂದರೆ 16ರಿಂದ 18 ಡಿಗ್ರಿ. ನಮ್ಮ ಪಡಸಾಲೆಯ ಲೆಕ್ಕ ಬೇರೆ. ಫ್ರಿಜ್ಜಿನ ಹೊರಗೆ ಇಟ್ಟಿದ್ದರೆ ಕುಡಿಯುವ ಮುಂಚೆ ಅರ್ಧ ಮುಕ್ಕಾಲು ಗಂಟೆ ಒಳಗಿಡಿ. ಫ್ರಿಜ್ಜಿನಲ್ಲೇ ಇದ್ದದ್ದಾದರೆ ತೆಗೆದು ಸ್ವಲ್ಪ ಹೊತ್ತು ಬಿಡಿ. ಐಸ್ ಹಾಕೋರಿಗೆ ನಾನು ಏನೂ ಹೇಳಲ್ಲ, ಮುಖ ತಿರುಗಿಸುತ್ತೇನೆ ಅಷ್ಟೇ.

ಊಟಕ್ಕೆ ಮಿರ್ಚಿ ಭಜಿ, ಮಂಡಕ್ಕಿ ಒಗ್ಗರಣೆ ಇಟ್ಟುಕೊಂಡು ಕೂರಬೇಡಿ. ಶೇಕಡಾ 14ರ ಆಸುಪಾಸಿನ ಆಲ್ಕೋಹಾಲ್, ಮೇಲೆ ಹಸಿಮೆಣಸಿನ ಖಾರ, ಎರಡೂ ಸೇರಿ ನಾಲಿಗೆ ಉರಿಯೋದೊಂದೇ. ಮಟನ್ ಚಾಪ್ಸ್ ಒಳ್ಳೇದು, ಖಾರ ಕಡಿಮೆ ಇರಲಿ. ಶಾಕಾಹಾರಿ ಆದರೆ ಎಣ್ಣೆಗಾಯಿ ಬದನೆ, ಜೋಳದ ರೊಟ್ಟಿ. ಗುರೆಳ್ಳು, ಶೇಂಗಾದ ಎಣ್ಣೆ ಜಿಡ್ಡು ವೈನಿನ ಒಗರನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಈ ಜೋಡಿ ನನಗೆ ಯಾವ ಚೀಸಿಗಿಂತಲೂ ಇಷ್ಟ.

ಹೊಸಪೇಟೆ, ಹೋಟೆಲ್ ಕೆಲಸ

ಗಂಗಾವತಿಯವರು ಹೇಳಿದ ಎಣ್ಣೆಗಾಯಿ ನಾನೂ ಒಪ್ಪುತ್ತೇನೆ. ಒಂದು ಬಿಟ್ಟುಹೋಯಿತು. ಅಂಗಡಿಯವರು ಒಂದು ಬಾಟಲಿಗೆ ಇಂಡೆಂಟ್ ಹಾಕಲ್ಲ, ಕೇಸ್ ಲೆಕ್ಕ. ಕೇಸ್ ಅಂದರೆ ಸಾಮಾನ್ಯವಾಗಿ 12, ದುಬಾರಿಯದ್ದು 6 ಇರುತ್ತದೆ. ಇಲ್ಲಿ ಬರೆದವರೇ ಆರೇಳು ಜನ ಇದ್ದೇವಲ್ಲ. ವೈನರಿಯವರು ಕರ್ನಾಟಕಕ್ಕೆ ಬಿಟ್ಟಿದ್ದೇವೆ ಅಂದರೆ, ಒಂದೇ ಅಂಗಡಿಗೆ ಎಲ್ಲರೂ ಹೆಸರು ಕೊಡೋಣ, ಮುಂಗಡ ಕೊಡೋಣ, ಬಿಲ್ ಅವರವರ ಹೆಸರಿಗೆ. ಒಬ್ಬರೇ ತಂದು ಹಂಚೋದು, ಮಾರೋದು ಬೇಡ, ಅದು ಕಾನೂನಿಗೆ ವಿರುದ್ಧ. ಹೊಸಪೇಟೆಯಲ್ಲಿ ಹಂಪಿಗೆ ಬರೋ ಪ್ರವಾಸಿಗರಿಂದ ವೈನ್ ಓಡುತ್ತದೆ, ಸ್ಟಾಕ್ ನಿಂತು ಹಳತಾಗಲ್ಲ. ಅಂಗಡಿ ಇಲ್ಲೇ ನೋಡೋಣ. ಬಳ್ಳಾರಿಯವರು ಮೇಲ್ ಹಾಕಿ ಉತ್ತರ ಬಂದಮೇಲೆ ಇಲ್ಲಿ ತಿಳಿಸಿ.

ಸಿಂಧನೂರು

ನನ್ನದೂ ಒಂದು ಬಾಟಲಿ ಬರೆದುಕೊಳ್ಳಿ.